ಕಾವೇರಿ-ಕಪಿಲಾ ಸೀಮೆಯ ದೋಣಿಗಳು: ಮರ, ಬಿದಿರು, ತೊಗಲುಗಳ ಒಂದು ಇತಿಹಾಸ

ಸಂಸಾರವನ್ನು ಸಾಗರಕ್ಕೂ ಧರ್ಮವನ್ನು ನೌಕೆಗೂ ಹೋಲಿಸುವ ವಾಡಿಕೆ ಶಾಸ್ತ್ರಗ್ರಂಥಗಳಲ್ಲಿಯೂ ಪ್ರವಚನಗಳಲ್ಲಿಯೂ ಬಹು ಪ್ರಾಚೀನವಾದುದು. ತೀರ್ಥಂಕರ ಎಂಬ ಶಬ್ದದಲ್ಲಿಯೇ ಹೊಳೆ ದಾಟುವ ಕಡವಿನ ಅರ್ಥ ಅಡಗಿದೆ. ಈ ಉಪಮಾನವನ್ನು ಕೇಳಿ ತಲೆದೂಗಿದವರು ಅಸಂಖ್ಯ. ಆದರೆ ಉಪಮಾನಕ್ಕೆ ಆಧಾರವಾದ ವಸ್ತುವನ್ನು, ಅಂದರೆ ನಿಜವಾದ ದೋಣಿಯನ್ನು, ಯಾರು ಕಟ್ಟಿದರು, ಏತರಿಂದ ಕಟ್ಟಿದರು, ಅದು ಹಳತಾದಾಗ ಹೇಗೆ ಜೀರ್ಣೋದ್ಧಾರ ಮಾಡಿದರು ಎಂದು ವಿಚಾರಿಸಿದವರು ವಿರಳ. ಮೈಸೂರು ಜಿಲ್ಲೆಯ ಪಶ್ಚಿಮದ ತಾಲ್ಲೂಕುಗಳಾದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆಗಳಲ್ಲಿ ಈ ವಿಚಾರಣೆಗೆ ಸಾಕಷ್ಟು ಸಾಮಗ್ರಿ ದೊರೆಯುತ್ತದೆ. ಸಮುದ್ರದಿಂದ ದೂರವಿರುವ ಸೀಮೆಯಲ್ಲಿ ದೋಣಿಯ ಇತಿಹಾಸವೇನಿದ್ದೀತು ಎಂದು ಕೆಲವರಿಗೆ ಅನಿಸಬಹುದು. ಭೂಪಟವನ್ನು ಬಿಚ್ಚಿ ನೋಡಿದರೆ ಆ ಸಂದೇಹ ಉಳಿಯದು.

ಪಿರಿಯಾಪಟ್ಟಣದ ಉತ್ತರದ ಅಂಚಿನಲ್ಲಿ ಕಾವೇರಿ ಹರಿದು ಕೃಷ್ಣರಾಜನಗರದ ಸೀಮೆಯನ್ನು ಪ್ರವೇಶಿಸುತ್ತದೆ. ಚುಂಚನಕಟ್ಟೆಯಲ್ಲಿ ಧುಮುಕಿ ಮುಂದೆ ಸಾಗುತ್ತದೆ. ಕೊಡಗಿನಿಂದ ಇಳಿದು ಬರುವ ಲಕ್ಷ್ಮಣತೀರ್ಥವು ಹುಣಸೂರು ಪಟ್ಟಣವನ್ನು ಹಾದು ಕೃಷ್ಣರಾಜಸಾಗರದ ಹಿನ್ನೀರನ್ನು ಸೇರುತ್ತದೆ. ವಯನಾಡಿನಲ್ಲಿ ಹುಟ್ಟುವ ಕಬಿನಿ, ಅಂದರೆ ಕಪಿಲೆ, ಹೆಗ್ಗಡದೇವನಕೋಟೆಯ ಕಾಡುಗಳ ನಡುವೆ ಹರಿದು ಸರಗೂರಿನ ಬಳಿಯಿಂದ ನಂಜನಗೂಡಿನತ್ತ ನಡೆಯುತ್ತದೆ. ಈ ನದಿಗಳು ಬೇಸಗೆಯಲ್ಲಿ ಮೊಣಕಾಲುದ್ದದ ನೀರಿನಲ್ಲಿ ದಾಟಬಹುದಾದಂಥವು. ಮುಂಗಾರು ಹಿಡಿದರೆ ಒಂದು ರಾತ್ರಿಯಲ್ಲಿ ಎರಡು ದಡಗಳನ್ನು ಎರಡು ದೇಶಗಳನ್ನಾಗಿ ಮಾಡುವಂಥವು. ದಳವಾಯಿ ದೇವರಾಜಯ್ಯನು 1735ರಲ್ಲಿ ನಂಜನಗೂಡಿನಲ್ಲಿ ಕಪಿಲೆಗೆ ಕಲ್ಲಿನ ಸೇತುವೆಯನ್ನು ಕಟ್ಟಿಸಿದನು. ಅಂಥ ಸೇತುವೆ ಅಂದು ಅಪರೂಪದ ವಸ್ತು. ಉಳಿದೆಡೆಗಳಲ್ಲಿ ಜೂನಿನಿಂದ ಅಕ್ಟೋಬರಿನವರೆಗೆ ಸಂತೆಯ ವರ್ತಕನಾಗಲಿ, ಮದುವೆಯ ದಿಬ್ಬಣವಾಗಲಿ, ಹೆರಿಗೆಯ ನೋವಿನ ಹೆಂಗಸಾಗಲಿ ಕಡವಿನ ಅಂಬಿಗನನ್ನೇ ನಂಬಬೇಕಾಗಿತ್ತು.

ಈ ಸೀಮೆಯಲ್ಲಿ ಬಳಕೆಯಲ್ಲಿದ್ದ ಜಲವಾಹನಗಳು ಮುಖ್ಯವಾಗಿ ಎರಡು ಬಗೆಯವು. ಒಂದು, ಬಿದಿರಿನ ಹೆಣಿಗೆಯ ಮೇಲೆ ತೊಗಲು ಹೊದಿಸಿದ ದುಂಡನೆಯ ಹರಿಗೋಲು; ಹಳ್ಳಿಗರು ಇದನ್ನೇ ತೆಪ್ಪ ಎಂದೂ ಕರೆಯುತ್ತಾರೆ. ಇನ್ನೊಂದು, ದಪ್ಪ ಮರದ ದಿಮ್ಮಿಯನ್ನು ಕೊರೆದು ಮಾಡಿದ ಒಂಟಿಮರದ ದೋಣಿ. ಹಲಗೆ ಜೋಡಿಸಿದ ದೊಡ್ಡ ದೋಣಿಗಳು ದೇವಸ್ಥಾನಗಳ ತೆಪ್ಪೋತ್ಸವಗಳಲ್ಲಿಯೂ ಕೆಲವು ಮುಖ್ಯ ಕಡವುಗಳಲ್ಲಿಯೂ ಮಾತ್ರ ಕಾಣುತ್ತಿದ್ದವು.

ಹರಿಗೋಲಿನ ಪ್ರಾಚೀನತೆಗೆ ಸಾಕ್ಷ್ಯ ದೂರದವರೆಗೆ ಹೋಗುತ್ತದೆ. ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬಾಬಿಲೋನಿನ ನದಿಯಲ್ಲಿ ತೊಗಲು ಹೊದಿಸಿದ ದುಂಡು ದೋಣಿಗಳನ್ನು ಕಂಡು ಸೋಜಿಗಪಟ್ಟು ಬರೆದಿದ್ದಾನೆ. ಕನ್ನಡ ನಾಡಿನ ಮಟ್ಟಿಗೆ, 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಆನೆಗೊಂದಿಯ ಬಳಿ ಜನರು ಬುಟ್ಟಿಯಂಥ ದೋಣಿಗಳಲ್ಲಿ ತುಂಗಭದ್ರೆಯನ್ನು ದಾಟುವುದನ್ನು ವರ್ಣಿಸಿದ್ದಾನೆ. ಅವು ಹದಿನೈದು ಇಪ್ಪತ್ತು ಜನರನ್ನು ಹೊರುತ್ತಿದ್ದವೆಂದೂ, ಅಗತ್ಯ ಬಿದ್ದರೆ ಎತ್ತು ಕುದುರೆಗಳನ್ನೂ ದಾಟಿಸುತ್ತಿದ್ದವೆಂದೂ ಅವನ ಹೇಳಿಕೆ. ಅರಮನೆಗಳೂ ಕೋಟೆಗಳೂ ಹಾಳಾದ ಮೇಲೂ ಆ ಬುಟ್ಟಿದೋಣಿ ಮಾತ್ರ ಅದೇ ಹೊಳೆಯಲ್ಲಿ ಉಳಿದುಬಂದಿದೆ.

ಹರಿಗೋಲನ್ನು ಕಟ್ಟುವ ವಿಧಾನ ನೋಡಲು ಸರಳ, ಮಾಡಲು ಕಠಿನ. ಬಲಿತ ಬಿದಿರನ್ನು ಸೀಳಿ, ನೀರಿನಲ್ಲಿ ನೆನೆಹಾಕಿ, ದಬ್ಬೆಗಳನ್ನಾಗಿ ಮಾಡುತ್ತಾರೆ. ಸಮನೆಲದ ಮೇಲೆ ದಬ್ಬೆಗಳನ್ನು ಒಂದರ ಮೇಲೊಂದು ಅಡ್ಡಡ್ಡ ಹಾಸಿ ಹೆಣೆಯುತ್ತಾರೆ. ತಳವು ಬೇಕಾದಷ್ಟು ಅಗಲವಾದ ಮೇಲೆ ನಡುವೆ ದೊಡ್ಡ ಕಲ್ಲುಗಳನ್ನು ಹೇರಿ, ಸುತ್ತಲಿನ ತುದಿಗಳನ್ನು ಮೇಲಕ್ಕೆ ಬಾಗಿಸಿ, ಬಾಯಿಯ ಅಂಚಿಗೆ ದಪ್ಪನಾದ ಬಿದಿರಿನ ಸುತ್ತುಕಟ್ಟನ್ನು ಹೆಣೆಯುತ್ತಾರೆ. ಹರಿಗೋಲಿನ ಬಲವೆಲ್ಲ ಈ ಸುತ್ತುಕಟ್ಟಿನಲ್ಲಿದೆ. ಇದರಲ್ಲಿ ಒಂದು ಮೊಳೆಯೂ ಇಲ್ಲ. ಬಂಡೆಗೆ ತಾಗಿದರೆ ಹಲಗೆಯ ದೋಣಿ ಒಡೆಯುತ್ತದೆ; ಹರಿಗೋಲು ಬಳುಕಿ ಜಾರಿಕೊಳ್ಳುತ್ತದೆ. ಮುಂದು ಹಿಂದು ಎಂಬ ಭೇದವಿಲ್ಲದ ಕಾರಣ ಸುಳಿಯಲ್ಲಿ ಅದು ತಿರುಗುತ್ತದೆ. ಆ ತಿರುಗುವಿಕೆಯನ್ನು ಒಂದೇ ಹುಟ್ಟಿನಿಂದ ತನ್ನ ದಾರಿಗೆ ಒಗ್ಗಿಸಿಕೊಳ್ಳುವುದೇ ಅಂಬಿಗನ ವಿದ್ಯೆ. ದಡ ಸೇರಿದ ಮೇಲೆ ಸಣ್ಣ ಹರಿಗೋಲನ್ನು ಒಬ್ಬನೇ ತಲೆಯ ಮೇಲೆ ಬೋರಲು ಹೊತ್ತು ಮನೆಗೆ ಒಯ್ಯಬಲ್ಲನು.

ಇಷ್ಟರವರೆಗೆ ಕಥೆ ನಿರುಪದ್ರವವಾದುದು. ಬಿದಿರಿನ ಬುಟ್ಟಿ ನೀರನ್ನು ತಡೆಯುವುದಿಲ್ಲ. ಅದಕ್ಕೆ ಹೊದಿಕೆ ಬೇಕು. ಶತಮಾನಗಳ ಕಾಲ ಆ ಹೊದಿಕೆ ಎತ್ತಿನ ಅಥವಾ ಎಮ್ಮೆಯ ತೊಗಲಾಗಿತ್ತು. ತೊಗಲನ್ನು ಹದಮಾಡಿ, ಹೊಲಿದು, ಬುಟ್ಟಿಯ ಹೊರಮೈಗೆ ಬಿಗಿದು, ಎಣ್ಣೆ ತೊಡೆಯುತ್ತಿದ್ದರು. ಬಳಸಿದ ಬಳಿಕ ಒಣಗಿಸದಿದ್ದರೆ ತೊಗಲು ಕೊಳೆಯುತ್ತಿತ್ತು. ಅತಿಯಾಗಿ ಒಣಗಿದರೆ ಬಿರಿಯುತ್ತಿತ್ತು. ಪ್ರಾಣಿಹಿಂಸೆಗೆ ಅಂಜಿ ತೊಗಲನ್ನು ಮುಟ್ಟದ ಮನೆತನಗಳ ವರ್ತಕರೂ ಮಳೆಗಾಲದಲ್ಲಿ ಅದೇ ತೊಗಲಿನ ಮೇಲೆ ಕುಳಿತು ಹೊಳೆ ದಾಟಿ ಸಂತೆಗೆ ಹೋಗಿಬರುತ್ತಿದ್ದರೆಂಬುದನ್ನು ಮರೆಯುವಂತಿಲ್ಲ. ಬೇರೆ ದಾರಿ ಇರಲಿಲ್ಲ ಎಂಬುದು ಸಮಾಧಾನವೇನೋ ಹೌದು, ಉತ್ತರವಲ್ಲ. ಹದಮಾಡಿದವನನ್ನು ಊರ ಹೊರಗಿಟ್ಟು, ಅವನು ಹದಮಾಡಿದ ತೊಗಲಿನ ಪ್ರಯೋಜನವನ್ನು ಮಾತ್ರ ಊರ ಒಳಕ್ಕೆ ತಂದುಕೊಂಡ ಸಮಾಜದ ಲೆಕ್ಕಪುಸ್ತಕದಲ್ಲಿ ಈ ಬಾಬು ಎಂದೂ ಸರಿಯಾಗಿ ಜಮಾ ಆಗಲಿಲ್ಲ.

ತೊಗಲಿನ ಮಾತು ಬಂದಾಗ ಹುಣಸೂರಿನ ಇತಿಹಾಸವನ್ನು ಹೇಳದೆ ಮುಂದೆ ಹೋಗಲಾಗದು. ಮೈಸೂರಿನ ಅರಸರು ಪೋಷಿಸಿದ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂದು ಹೆಸರಾದ ರಾಸುಗಳ ಇಲಾಖೆಗೆ ಬ್ರಿಟಿಷರ ಆಳ್ವಿಕೆಯಲ್ಲಿ ಹುಣಸೂರು ಕೇಂದ್ರವಾಯಿತು. ಸೈನ್ಯದ ಅಗತ್ಯಗಳಿಗಾಗಿ ಅಲ್ಲಿ ದೊಡ್ಡದೊಂದು ತೊಗಲು ಹದಮಾಡುವ ಕಾರ್ಖಾನೆ, ಕಂಬಳಿ ನೇಯುವ ಕಾರ್ಖಾನೆ ಮತ್ತು ಮರದ ಅಂಗಳಗಳು ಸ್ಥಾಪಿತವಾದವು. ನಾಗರಹೊಳೆಯ ಕಡೆಯ ಕಾಡಿನಿಂದ ಬಂದ ಮರದಲ್ಲಿ ಇಲ್ಲಿ ಗಾಡಿಗಳನ್ನು ಕಟ್ಟುತ್ತಿದ್ದರು. 1864ರಲ್ಲಿ ಈ ಸರ್ಕಾರಿ ವ್ಯವಸ್ಥೆ ನಿಂತುಹೋಯಿತು. ಆದರೆ ಅಲ್ಲಿ ತರಬೇತಾದ ಬಡಗಿಗಳೂ ಚರ್ಮಕಾರರೂ ತಮ್ಮ ಕಸುಬನ್ನು ಬಿಡಲಿಲ್ಲ. ಹುಣಸೂರಿನ ಗಾಡಿಗಳಿಗೆ ಅನಂತರವೂ ದೀರ್ಘಕಾಲ ಒಳ್ಳೆಯ ಹೆಸರಿತ್ತು. ಶ್ರಾವಕಾಚಾರ ಗ್ರಂಥಗಳು ಗೃಹಸ್ಥನಿಗೆ ವರ್ಜ್ಯವೆಂದು ಎಣಿಸುವ ಹದಿನೈದು ವೃತ್ತಿಗಳಲ್ಲಿ ಕಾಡು ಕಡಿಸುವ ವನಕರ್ಮವೂ ಗಾಡಿ ಮಾಡಿ ಜೀವಿಸುವ ಶಕಟಕರ್ಮವೂ ಸೇರಿವೆ. ಆ ಪಟ್ಟಿಯಲ್ಲಿ ದೋಣಿಯ ಹೆಸರಿಲ್ಲ. ಆದರೂ ದೋಣಿಯ ಮರ ಕಾಡಿನಿಂದಲೇ ಬರಬೇಕಷ್ಟೆ.

ಹರಿಗೋಲು ಸಾಧುಜೀವಿಗಳ ವಾಹನ ಮಾತ್ರವಾಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಮೈಸೂರಿನಲ್ಲಿ ಸೇನಾಧಿಕಾರಿಯಾಗಿದ್ದ ಆರ್ಥರ್ ವೆಲ್ಲೆಸ್ಲಿ, ಮುಂದೆ ವೆಲಿಂಗ್ಟನ್ ಎಂದು ಲೋಕಪ್ರಸಿದ್ಧನಾದವನು, 1803ರ ಮರಾಠಾ ಯುದ್ಧದ ಕಾಲದಲ್ಲಿ ತುಂಬಿದ ನದಿಗಳನ್ನು ದಾಟಲು ತೊಗಲು ಹೊದಿಸಿದ ಬುಟ್ಟಿದೋಣಿಗಳನ್ನೇ ಕಟ್ಟಿಸಿದನು. ಅವನ ಫಿರಂಗಿಗಳನ್ನು ಎಳೆದವು ಮೈಸೂರಿನ ಅಮೃತಮಹಲ್ ಎತ್ತುಗಳು. ಅವನ ಸೈನ್ಯವನ್ನು ಹೊಳೆ ದಾಟಿಸಿದುದು ಮೇದರ ಹೆಣಿಗೆ, ಬೆಸ್ತರ ಹುಟ್ಟು. ವಿಜಯದ ಇತಿಹಾಸದಲ್ಲಿ ಇವರ ಹೆಸರುಗಳು ನಮೂದಾಗಿಲ್ಲ.

ಇನ್ನು ಮರದ ದೋಣಿಯ ವಿಚಾರ. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಕಾಡುಗಳನ್ನು ಕಂಡು ಅಲ್ಲಿನ ಮರಗಳ ಬಗೆಗೆ ಬರೆದಿಟ್ಟಿದ್ದಾನೆ. ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿಗಳು ಈ ಕಾಡಿನ ಸಂಪತ್ತು. ಇವುಗಳಲ್ಲಿ ತೇಗಕ್ಕೆ ಹಡಗು ಕಟ್ಟುವವರ ಕಣ್ಣಿನಲ್ಲಿ ಸಮಾನವಾದುದಿಲ್ಲ. ಅದರೊಳಗಿನ ಎಣ್ಣೆಯ ಅಂಶದಿಂದ ಅದು ನೀರಿಗೂ ಗೆದ್ದಲಿಗೂ ಬಗ್ಗದು. ಇಂಗ್ಲೆಂಡಿನ ಓಕ್ ಮರದ ಆಮ್ಲ ಕಬ್ಬಿಣದ ಮೊಳೆಯನ್ನು ತಿನ್ನುವಂತೆ ತೇಗ ತಿನ್ನದು. ಒಂದು ತೊಡಕೆಂದರೆ ಹಸಿಯ ತೇಗ ನೀರಿನಲ್ಲಿ ಮುಳುಗುತ್ತದೆ. ಆದ್ದರಿಂದ ನಿಂತ ಮರದ ಬುಡದ ಸುತ್ತ ತೊಗಟೆಯನ್ನೂ ಹೊರಮರವನ್ನೂ ಕಡಿದು ಬಳೆ ತೆಗೆದು, ಅದು ನಿಂತಲ್ಲಿಯೇ ಒಣಗುವಂತೆ ಒಂದೆರಡು ವರ್ಷ ಬಿಟ್ಟು, ಅನಂತರ ಉರುಳಿಸಿ ಹೊಳೆಯಲ್ಲಿ ತೇಲಿಬಿಡುತ್ತಿದ್ದರು. ನಿಂತಿರುವಾಗಲೇ ಸಾಯಿಸುವ ಈ ಕ್ರಮವನ್ನು ಓದುವಾಗ ಏಕೇಂದ್ರಿಯ ಜೀವದ ಪಾಠ ನೆನಪಾಗದಿರದು.

ಟಿಪ್ಪು ಸುಲ್ತಾನನು ತನ್ನ ಕೊನೆಯ ವರ್ಷಗಳಲ್ಲಿ ನೌಕಾಬಲವನ್ನು ಕಟ್ಟಲು ಯತ್ನಿಸಿದನು. 1796ರ ಆಜ್ಞೆಯಲ್ಲಿ ದೊಡ್ಡ ಯುದ್ಧನೌಕೆಗಳೂ ಸಣ್ಣವೂ ಸೇರಿ 40 ಹಡಗುಗಳನ್ನು ಕರಾವಳಿಯ ಬಂದರುಗಳಲ್ಲಿ ನಿರ್ಮಿಸುವ ಯೋಜನೆ ಇತ್ತು; ಅದು ಬಹುಮಟ್ಟಿಗೆ ಕಾಗದದಲ್ಲಿಯೇ ಉಳಿಯಿತು. ಅತ್ತ ಮುಂಬಯಿಯ ಹಡಗುಕಟ್ಟೆಯಲ್ಲಿ ಪಾರ್ಸಿ ಜನಾಂಗದ ವಾಡಿಯಾ ಮನೆತನದ ಶಿಲ್ಪಿಗಳು ಮಲಬಾರ್ ತೇಗದಿಂದ ಇಂಗ್ಲೆಂಡಿನ ನೌಕಾಪಡೆಗೆ ಹಡಗುಗಳನ್ನು ಕಟ್ಟುತ್ತಿದ್ದರು. 1813ರಲ್ಲಿ ಅಲ್ಲಿ ಕಟ್ಟಿದ ಕಾರ್ನ್‌ವಾಲಿಸ್ ಎಂಬ ಹಡಗಿನಲ್ಲಿಯೇ 1842ರ ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಬಿದ್ದಿತು; ಅಫೀಮಿನ ಯುದ್ಧದ ಕೊನೆಯ ಪುಟ ತೇಗದ ಹಲಗೆಯ ಮೇಲೆ ಬರೆಯಲ್ಪಟ್ಟಿತು. ಉತ್ತಮವಾದ ಮರ, ಉತ್ತಮವಾದ ಕೆಲಸ, ಅಧಮವಾದ ವ್ಯಾಪಾರ.

ಹೆಗ್ಗಡದೇವನಕೋಟೆಯ ತೇಗವೇ ಈ ಹಡಗುಗಳಾಯಿತೆಂದು ಅಭಿಮಾನದಿಂದ ಹೇಳಿಬಿಡುವುದು ಸುಲಭ. ಆದರೆ ನದಿಯ ದಿಕ್ಕು ಅದನ್ನು ಸಮರ್ಥಿಸುವುದಿಲ್ಲ. ಹಡಗಿನ ಮರ ಘಟ್ಟದ ಪಶ್ಚಿಮದ ಇಳಿಜಾರಿನ ಹೊಳೆಗಳಲ್ಲಿ ತೇಲಿ ಅರಬ್ಬೀ ಸಮುದ್ರದ ಬಂದರುಗಳನ್ನು ಸೇರುತ್ತಿತ್ತು. ಕಬಿನಿಯಾದರೋ ಪೂರ್ವಕ್ಕೆ ಹರಿದು ಕಾವೇರಿಯನ್ನು ಕೂಡಿ, ಶಿವನಸಮುದ್ರದ ಜಲಪಾತದಲ್ಲಿ ಧುಮುಕುವ ನದಿ. ಕೋಟೆ ಸೀಮೆಯ ಮರ ಆನೆಗಳ ಬೆನ್ನಬಲದಿಂದ, ಗಾಡಿಗಳಲ್ಲಿ, ಮೈಸೂರು ಹುಣಸೂರುಗಳ ಕಡೆಗೇ ಬಂದಿತೆಂದು ತಿಳಿಯುವುದು ಯುಕ್ತ. ಒಂದೇ ಬೆಟ್ಟಸಾಲಿನ ಮರ. ನೀರು ಇಳಿದ ದಿಕ್ಕಿಗನುಸಾರ ಒಂದು ಯುದ್ಧನೌಕೆಯಾಯಿತು, ಇನ್ನೊಂದು ಮನೆಯ ತೊಲೆಯೋ ಗಾಡಿಯ ಮೂಕಿಯೋ ಆಯಿತು. ಬಡ ಅಂಬಿಗನ ದೋಣಿಗೆ ತೇಗ ದಕ್ಕುತ್ತಿದ್ದುದು ಕಡಿಮೆ. ಅವನು ಮಾವು, ಬೂರುಗ ಮುಂತಾದ ಹಗುರ ಮರಗಳ ಬೊಡ್ಡೆಯನ್ನೇ ಕೊರೆದುಕೊಳ್ಳಬೇಕಾಗಿತ್ತು.

ಮುಂಬಯಿಯಲ್ಲಿ ಜಮ್ಶೇಟ್‌ಜಿ ಬೊಮಾನ್‌ಜಿ ವಾಡಿಯಾ ಕಟ್ಟಿದ, 1817ರ ಅಕ್ಟೋಬರ್ 12ರಂದು ನೀರಿಗಿಳಿದ ಟ್ರಿಂಕೋಮಲೀ ಎಂಬ ಹಡಗು ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲ್ ಬಂದರಿನಲ್ಲಿದೆ. ಯುದ್ಧದ ಕೆಲಸ ಮುಗಿದ ಮೇಲೆ ಬಹುಕಾಲ ತರುಣರ ತರಬೇತಿ ಹಡಗಾಗಿ ದುಡಿದು, ಜೀರ್ಣಾವಸ್ಥೆಗೆ ಬಂದಾಗ 1990ರಲ್ಲಿ ಅದರ ಉದ್ಧಾರಕಾರ್ಯ ಪ್ರಾರಂಭವಾಗಿ 2001ರಲ್ಲಿ ಮುಗಿಯಿತು. ಕೊಳೆತ ಭಾಗಗಳನ್ನಷ್ಟೇ ತೆಗೆದು, ಗಟ್ಟಿಯಾಗಿದ್ದ ಹಳೆಯ ತೇಗವನ್ನು ಉಳಿಸಿಕೊಂಡು ಕೆಲಸ ನಡೆಸಿದರು. ಎರಡು ಶತಮಾನದ ಹಿಂದೆ ಘಟ್ಟದಲ್ಲಿ ಬೆಳೆದು ನಿಂತಿದ್ದ ಮರ ಹನ್ನೊಂದು ವರ್ಷಗಳ ಆರೈಕೆಗೆ ಯೋಗ್ಯವೆಂದು ಆ ದೇಶದವರಿಗೆ ಕಂಡಿತು.

ಇತ್ತ ಹರಿಗೋಲಿನ ಜೀರ್ಣೋದ್ಧಾರ ಬೇರೆಯೇ ಬಗೆಯದು. ವರ್ತಕನ ಭಾಷೆಯಲ್ಲಿ ಹೇಳುವುದಾದರೆ, ಇದರ ಸವಕಳಿಯನ್ನು ವರ್ಷಾಂತ್ಯದಲ್ಲಿ ಬರೆಯಲಾಗದು, ದಿನದಿನವೂ ಬರೆಯಬೇಕು. ಇಂದು ಒಂದು ದಬ್ಬೆ ಮುರಿದರೆ ಇಂದೇ ಹೊಸದನ್ನು ತೂರಿಸಬೇಕು. ಹೊದಿಕೆ ಸವೆದರೆ ಹೊದಿಕೆ ಬದಲು, ಸುತ್ತುಕಟ್ಟು ಸಡಿಲವಾದರೆ ಮರುಹೆಣಿಗೆ. ಕೆಲವು ವರ್ಷಗಳಲ್ಲಿ ಮೊದಲಿನ ಒಂದು ಎಳೆಯೂ ಉಳಿದಿರುವುದಿಲ್ಲ. ಆದರೂ ಅಂಬಿಗ ಅದನ್ನು ಅದೇ ಹರಿಗೋಲೆಂದು ಕರೆಯುತ್ತಾನೆ. ಪರ್ಯಾಯಗಳು ಅಳಿಯುತ್ತಿದ್ದರೂ ದ್ರವ್ಯ ಉಳಿಯುತ್ತದೆ ಎಂಬುದನ್ನು ಅವನಿಗೆ ಯಾರೂ ಬೋಧಿಸಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ತೊಗಲಿನ ಜಾಗಕ್ಕೆ ಡಾಂಬರು ಬಳಿದ ಗೋಣಿಬಟ್ಟೆಯೂ ಟಾರ್ಪಾಲೂ ಬಂದವು. ಬಳಿಕ ಗೊಬ್ಬರದ ಪ್ಲಾಸ್ಟಿಕ್ ಚೀಲಗಳು ಬಂದವು. ಈಚೆಗೆ ಬಿದಿರನ್ನೇ ಬಿಟ್ಟು ಫೈಬರಿನಲ್ಲಿ ಎರಕಹೊಯ್ದ ತೆಪ್ಪಗಳು ಬಂದಿವೆ. ತೊಗಲು ಹೋದುದಕ್ಕೆ ಅಹಿಂಸೆಯ ಪ್ರಚಾರ ಕಾರಣವಲ್ಲ. ಪ್ಲಾಸ್ಟಿಕ್ ಅಗ್ಗವಾದುದೇ ಕಾರಣ. ಹೊಳೆಯ ಮೀನಿನ ಹೊಟ್ಟೆಗೆ ಹೋಗುವ ಪ್ಲಾಸ್ಟಿಕ್ ಚೂರಿನ ಲೆಕ್ಕವನ್ನು ಮಾತ್ರ ಇನ್ನೂ ಯಾರೂ ಇಟ್ಟಿಲ್ಲ.

ಅಣೆಕಟ್ಟುಗಳು ಬಂದ ಮೇಲೆ ದೋಣಿಯ ಬಾಳು ಪೂರ್ತಿ ಬದಲಾಯಿತು. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಾಮಗಾರಿ ಎರಡು ದಶಕ ನಡೆಯಿತು. ಕಾವೇರಿ ದಡದ ಹಳೆಯ ಊರಾದ ಎಡತೊರೆ ನದಿಯ ನೆರೆಗೆ ಸಿಕ್ಕುತ್ತಿದ್ದುದರಿಂದ ಎತ್ತರದ ನೆಲದಲ್ಲಿ ಹೊಸ ಊರು ಕಟ್ಟಲ್ಪಟ್ಟು, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಕೃಷ್ಣರಾಜನಗರವಾಯಿತು. ಎಡತೊರೆಯ ಅರ್ಕೇಶ್ವರ ದೇವಾಲಯ ಹೊಳೆಯ ಬಳಿಯೇ ಉಳಿಯಿತು. ಕಬಿನಿಗೆ ಬೀಚನಹಳ್ಳಿ ಮತ್ತು ಬಿದರಹಳ್ಳಿಗಳ ನಡುವೆ ಕಟ್ಟಿದ ಅಣೆಕಟ್ಟು 1974ರಲ್ಲಿ ಪೂರ್ಣವಾಯಿತು. ಹಲವಾರು ಹಳ್ಳಿಗಳೂ ಅಪಾರವಾದ ಕಾಡೂ ನೀರಿನಡಿ ಸೇರಿದವು. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಎದ್ದು ಕಾಣುವ ಸತ್ತ ಮರಗಳ ಬೊಡ್ಡೆಗಳು ದೋಣಿಯಾಗದೆ, ತೊಲೆಯೂ ಆಗದೆ ದಶಕಗಳ ಕಾಲ ನಿಂತಲ್ಲಿಯೇ ನಿಂತವು.

ಹರಿಗೋಲು ಹೊಳೆಗೆಂದು ಹುಟ್ಟಿದ ವಾಹನ. ಹೊಳೆ ಕಿರಿದು, ಸೆಳವು ಎಷ್ಟೇ ಇದ್ದರೂ ದಡ ಕಣ್ಣಳತೆಯಲ್ಲಿರುತ್ತದೆ. ಹಿನ್ನೀರು ಹಾಗಲ್ಲ. ಅಗಲವಾದ ಬಯಲು ನೀರಿನಲ್ಲಿ ಗಾಳಿ ಎದ್ದರೆ ಅಲೆ ಏಳುತ್ತದೆ. ಅಡ್ಡ ಅಲೆಗೆ ತಳವಗಲದ ಬುಟ್ಟಿ ನೀರು ತುಂಬಿಕೊಳ್ಳುತ್ತದೆ. ನೀರಡಿಯ ಬೊಡ್ಡೆ ಹೊದಿಕೆಯನ್ನು ಹರಿಯುತ್ತದೆ. ಆದರೂ ಮುಳುಗಡೆಯಿಂದ ರಸ್ತೆ ಕಡಿದುಹೋದ ಹಳ್ಳಿಗಳಿಗೆ ಬೇರೆ ಉಪಾಯವಿರಲಿಲ್ಲ. ಸುತ್ತು ಹಾಕಿದರೆ ಹರಿದಾರಿಗಟ್ಟಲೆ, ನೇರ ದಾಟಿದರೆ ಅರ್ಧ ಗಂಟೆ. 2007ರಲ್ಲಿ ಕಬಿನಿಯ ಹಿನ್ನೀರಿನಲ್ಲಿ ತೆಪ್ಪ ಮುಳುಗಿ ಅನೇಕರು ಪ್ರಾಣ ಕಳೆದುಕೊಂಡರು. ಅಂಥ ದಿನಗಳಲ್ಲಿ ಅಂಬಿಗನನ್ನು ದೂಷಿಸುವುದು ಲೋಕರೂಢಿ. ಆದರೆ ದೋಣಿಯ ಹೊರೆಯನ್ನು ನಿರ್ಧರಿಸುವವನು ಅಂಬಿಗನೊಬ್ಬನೇ ಅಲ್ಲ. ಇನ್ನೊಬ್ಬನಿಗೆ ಜಾಗವಿದೆ ಎಂದು ಹತ್ತುವವನೂ, ಒಂದು ಸುತ್ತಿನ ಬಾಡಿಗೆಯಲ್ಲಿ ಎರಡು ಸುತ್ತಿನ ಸರಕು ಸಾಗಿಸಬಯಸುವ ವ್ಯಾಪಾರಿಯೂ, ಒಂದು ನಾಡದೋಣಿಯನ್ನಾದರೂ ಒದಗಿಸದೆ ಹಳ್ಳಿಗಳ ನಡುವೆ ನೀರು ನಿಲ್ಲಿಸಿದ ಯೋಜನೆಯೂ ಆ ಹೊರೆಯಲ್ಲಿ ಪಾಲುದಾರರು. ಅತಿಭಾರವನ್ನು ಹೇರುವುದು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಒಂದು. ಅದನ್ನು ಎತ್ತಿನ ಬೆನ್ನಿಗೆ ಮಾತ್ರ ಅನ್ವಯಿಸಿ ಓದುವುದು ರೂಢಿಯಾಗಿಬಿಟ್ಟಿದೆ.

ಹೊಸ ಹರಿಗೋಲು ಕಟ್ಟುವುದೂ ಈಗ ಸುಲಭವಲ್ಲ. ಬಿದಿರು ನಲವತ್ತು ಐವತ್ತು ವರ್ಷಗಳಿಗೊಮ್ಮೆ ಸಾಮೂಹಿಕವಾಗಿ ಹೂಬಿಟ್ಟು ಮೆಳೆಮೆಳೆಯೇ ಒಣಗಿಹೋಗುತ್ತದೆ. 1972ರ ವನ್ಯಜೀವಿ ಕಾಯಿದೆಯ ಬಳಿಕ ರಕ್ಷಿತ ಅರಣ್ಯದಲ್ಲಿ ಕತ್ತಿ ಆಡಿಸುವುದಕ್ಕೆ ತಡೆ ಬಂದಿತು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಯಿತು, 1999ರಲ್ಲಿ ಹುಲಿ ರಕ್ಷಿತ ಪ್ರದೇಶವಾಯಿತು. ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರವೆಂದು ಪರಿಗಣಿಸಬೇಕಿಲ್ಲವೆಂದು 2017ರಲ್ಲಿ ಕಾನೂನಿನ ತಿದ್ದುಪಡಿ ಆಯಿತಾದರೂ, ಹೊಲದ ಬದುವಿನಲ್ಲಿ ಹರಿಗೋಲಿಗೆಂದು ಬಿದಿರು ನೆಡುವವರು ಯಾರಿದ್ದಾರೆ? ಕಾಡಿನಲ್ಲಿ ಕೊಡಲಿಯ ಸದ್ದು ನಿಂತುದು ಜೀವದಯೆಯ ದೃಷ್ಟಿಯಿಂದ ದೊಡ್ಡ ಗೆಲುವು. ಆ ಗೆಲುವಿನ ಬೆಲೆಯಲ್ಲಿ ಒಂದು ಪಾಲನ್ನು ಮೇದರೂ ಬೆಸ್ತರೂ ಕಾಡಿನ ಕುರುಬರೂ ತೆತ್ತಿದ್ದಾರೆ ಎಂಬುದನ್ನೂ ಅದೇ ಪುಟದಲ್ಲಿ ಬರೆಯಬೇಕು.

ಈ ಎಲ್ಲ ಎಳೆಗಳು ಒಂದೇ ಗಂಟಿನಲ್ಲಿ ಕೂಡುವ ಸ್ಥಳ ಹೆಗ್ಗಡದೇವನಕೋಟೆ ತಾಲ್ಲೂಕಿನ ತುದಿಯ ಡಿ.ಬಿ. ಕುಪ್ಪೆ, ಅಂದರೆ ದೊಡ್ಡಬೈರನಕುಪ್ಪೆ. ಇಲ್ಲಿ ಕಬಿನಿಯೇ ಎರಡು ರಾಜ್ಯಗಳ ಗಡಿ. ಆಚೆ ದಡದಲ್ಲಿ ವಯನಾಡಿನ ಪೆರಿಕ್ಕಲ್ಲೂರು, ಮರಕ್ಕಡವು. ಮರಕ್ಕಡವೆಂಬ ಹೆಸರಿನಲ್ಲಿಯೇ ಕಡವು ಇದೆ. ಹೊಳೆಯ ಮೇಲ್ಭಾಗದ ಪನಮರಂನಲ್ಲಿಯೂ, ಆಚೆಗೆ ಸುಲ್ತಾನ್ ಬತ್ತೇರಿಯಲ್ಲಿಯೂ ಹಳೆಯ ಬಸದಿಗಳಿವೆ. ಅಲ್ಲಿನ ಜೈನ ಕುಟುಂಬಗಳ ಪೂರ್ವಜರು ಕರ್ನಾಟಕದಿಂದ ಹೋಗಿ ನೆಲೆಸಿದವರು. ಅವರಿಗೂ ಘಟ್ಟದ ಮೇಲಿನ ನಾಡಿಗೂ ನಡುವೆ ಹರಿದ ನೀರು ಇದೇ ಕಬಿನಿಯ ನೀರು.

ಬೈರನಕುಪ್ಪೆಯವರಿಗೆ ತಾಲ್ಲೂಕು ಕೇಂದ್ರ ಕಾಡಿನಾಚೆ ದೂರದಲ್ಲಿದೆ. ಕಾಡಿನ ರಸ್ತೆಗೆ ರಾತ್ರಿ ಸಂಚಾರ ನಿರ್ಬಂಧವಿದೆ. ಹೊಳೆ ದಾಟಿದರೆ ಪುಲ್ಪಳ್ಳಿಯ ಪೇಟೆ, ಆಸ್ಪತ್ರೆ ಹತ್ತಿರ. ಆದ್ದರಿಂದ ನಿತ್ಯವೂ ಉದ್ದನೆಯ ದೋಣಿಗಳು ಜನರನ್ನು ಅತ್ತಿತ್ತ ಒಯ್ಯುತ್ತ ಬಂದಿವೆ. ಇಲ್ಲಿಗೊಂದು ಸೇತುವೆ ಬೇಕೆಂಬ ಬೇಡಿಕೆ ದಶಕಗಳಷ್ಟು ಹಳೆಯದು. ಸೇತುವೆಯಾದರೆ ರೋಗಿ ನಡುರಾತ್ರಿಯಲ್ಲಿಯೂ ಹೊಳೆ ದಾಟಬಹುದು. ಸೇತುವೆಯಾದರೆ ಲಾರಿಗಳೂ ದಾಟುತ್ತವೆ. ಎರಡೂ ಕಡೆ ಆನೆಗಳು ತಿರುಗಾಡುವ ಕಾಡು. ಒಂದು ದಡದಲ್ಲಿ ನಿಂತವರಿಗೆ ಒಂದು ಸತ್ಯ, ಇನ್ನೊಂದು ದಡದವರಿಗೆ ಇನ್ನೊಂದು ಎಂದು ಅನೇಕಾಂತದ ಹೆಸರಿನಲ್ಲಿ ತಪ್ಪಿಸಿಕೊಳ್ಳುವುದು ಇಲ್ಲಿ ಸಲ್ಲದು. ಎರಡೂ ಸತ್ಯಗಳನ್ನು ಒಟ್ಟಿಗೆ ತೂಗಿ ನಿರ್ಣಯಕ್ಕೆ ಬರುವುದೇ ಆ ವಾದದ ಪ್ರಯೋಜನ. ರಾತ್ರಿ ಕರೆದಾಗ ಬರುವ, ಸರ್ಕಾರದ ಸಂಬಳ ಪಡೆಯುವ ಒಬ್ಬ ಅಂಬಿಗ, ಗಟ್ಟಿಯಾದ ಒಂದು ದೋಣಿ, ಜೀವರಕ್ಷಕ ಕವಚಗಳು, ಎರಡು ದಡಗಳಲ್ಲಿ ಮೆಟ್ಟಿಲು ಮತ್ತು ದೀಪ: ಇಷ್ಟಕ್ಕೆ ತಗಲುವ ಖರ್ಚು ಸೇತುವೆಯ ಒಂದು ಕಂಬದ ಖರ್ಚನ್ನೂ ಮೀರಲಾರದು. ಆನೆಗೂ ಇದರಿಂದ ಅಡಚಣೆಯಿಲ್ಲ.

ಸದ್ಯಕ್ಕೆ ದೋಣಿ ನಡೆಯುತ್ತಿದೆ. ಮುಂಗಾರಿನಲ್ಲಿ ಕಬಿನಿ ಕೆಂಪಾಗಿ ಏರಿದ ದಿನ ಅಂಬಿಗರು ದೋಣಿಯನ್ನು ಮೇಲಕ್ಕೆಳೆದು ಮರಕ್ಕೆ ಕಟ್ಟುತ್ತಾರೆ. ಅಂದು ಎರಡೂ ದಡಗಳಲ್ಲಿ ಜನ ನೀರು ಇಳಿಯುವುದನ್ನು ಕಾಯುತ್ತ ನಿಲ್ಲುತ್ತಾರೆ.